ಸಾವಿರದ ಮುನ್ನೂರ ಐವತ್ತೆರಡರ ಬಾವಿ

ಕೊಪ್ಪಳ ಜಿಲ್ಲೆ ಹುಟ್ಟಿದ ವರ್ಷವೇ ಸರ್ಕಾರಿ ಪ್ರೌಢಶಾಲೆಯ ಸೇವೆಗೆ ಸೇರಿ, ಕುಷ್ಟಗಿ, ಗಂಗಾವತಿ, ಯಲಬುರ್ಗಾ, ಕೊಪ್ಪಳ ಎಂಬ ಆಗಿನ ನಾಲ್ಕೂ ತಾಲ್ಲೂಕುಗಳ ಮಣ್ಣನ್ನು ಒಂದೊಂದು ಅವಧಿಗೆ ತುಳಿದು, ಇಪ್ಪತ್ತೆಂಟು ವರ್ಷ ಸಮಾಜ ವಿಜ್ಞಾನವನ್ನು ಬೋಧಿಸಿ, ಇದೇ ಮೇ ತಿಂಗಳ ಕೊನೆಯ ದಿನ ಸೇವೆಯಿಂದ ನಿವೃತ್ತರಾಗುತ್ತಿರುವ ಶ್ರೀಮತಿ ಪಂಪಾವತಿ ಟೀಚರ್ ಅವರನ್ನು ಈ ಜಿಲ್ಲೆಯ ಶಿಕ್ಷಣ ಕ್ಷೇತ್ರದಲ್ಲಿ ಎಲ್ಲಿ ಕೂರಿಸಬೇಕು ಎಂದು ಯಾರಾದರೂ ಕೇಳಿದರೆ ಉತ್ತರ ಸುಲಭ: ಅವರು ಕೂರುವವರಲ್ಲ. ನಾಡಿನ ಚರಿತ್ರೆಯನ್ನು ಮಕ್ಕಳಿಗೆ ಓದಿಸಿದ ಹಿರಿಯರು ನಮ್ಮಲ್ಲಿ ಬೇಕಾದಷ್ಟು ಮಂದಿ ಆಗಿಹೋಗಿದ್ದಾರೆ, ಅವರಿಗೆಲ್ಲ ಶರಣು. ಆದರೆ ಅದೇ ಚರಿತ್ರೆಯನ್ನು ಒಂದು ತರಗತಿಯ ಅಷ್ಟೂ ಮಕ್ಕಳ ಕೈಯಿಂದ ಒಂದೊಂದು ಸ್ಲೈಡಾಗಿ ಮಾಡಿಸಿ, ಸಾಲಾಗಿ ಜೋಡಿಸಿ, ಊರವರನ್ನು ಎದುರಿಗೆ ಕೂರಿಸಿ ತೋರಿಸಿದವರು ಅವರೊಬ್ಬರೇ ಎಂದರೆ ಅದು ಹೊಗಳಿಕೆಯಲ್ಲ, ಬರೀ ಹಾಜರಿ ಕೂಗಿದಂತೆ.

ಒಳಗೆ ಕಾಲಿಡುವ ಮೊದಲು ಒಂದು ಮಾತು. ಈ ಅಭಿನಂದನ ಸಂಪುಟಕ್ಕೆ ಇದನ್ನು ಬರೆಯುತ್ತಿರುವವಳು ಟೀಚರ್ ಅವರ ಶಿಷ್ಯೆ ಅನುಷಾ, ಯಲಬುರ್ಗಾ ತಾಲ್ಲೂಕಿನ ಕರೇಬಂಡಿಯವಳು, ಈಗ ಕನಕಗಿರಿಯ ತಹಶೀಲ್ದಾರರ ಕಚೇರಿಯಲ್ಲಿ ದಾಖಲೆ ಕೊಠಡಿಯ ಗುಮಾಸ್ತೆ. ಆದರೂ ಮುಂದಿನ ಸಾಲುಗಳಲ್ಲಿ ಅವಳು ತನ್ನನ್ನು 'ಅನುಷಾ' ಎಂದೇ ಕರೆದುಕೊಳ್ಳುತ್ತಾಳೆ. ಜಂಬವೆಂದು ತಿಳಿಯಬಾರದು, ಇದು ಟೀಚರ್ ಅವರ ಮೊದಲ ನಿಯಮ: "ಸ್ಲೈಡಿನಾಗ 'ನಾನು' ಅಂತ ಬರೀಬ್ಯಾಡ್ರಿ, ಹೆಸರು ಬರೀರಿ. ನೂರು ವರ್ಷ ಆದ ಮ್ಯಾಲೆ ಓದಾಂವಗ ಈ 'ನಾನು' ಯಾರಂತ ಹೆಂಗ ಗೊತ್ತಾಗಬೇಕು?" ಆ ನಿಯಮವನ್ನು ಮುರಿಯುವ ಧೈರ್ಯ ಅವರ ಶಿಷ್ಯರಲ್ಲಿ ಯಾರಿಗೂ ಇಲ್ಲ, ಅನುಷಾಗಂತೂ ಮೊದಲೇ ಇಲ್ಲ.

ಟೀಚರ್ ಹುಟ್ಟಿ ಬೆಳೆದದ್ದು ಮುನಿರಾಬಾದಿನ ಅಣೆಕಟ್ಟಿನ ಕಾಲನಿಯಲ್ಲಿ. ತಂದೆ ಹಂಪಣ್ಣನವರು ಹರೆಯದಲ್ಲಿ ಅದೇ ಅಣೆಕಟ್ಟಿಗೆ ಕಲ್ಲು ಹೊತ್ತು, ಆಮೇಲೆ ಅಲ್ಲೇ ನೌಕರಿ ಹಿಡಿದವರು. ಬಾಲಕಿ ಪಂಪಾವತಿ ಏಳನೇ ಇಯತ್ತೆಯಲ್ಲಿದ್ದಾಗ ಪರೀಕ್ಷೆಯಲ್ಲಿ ಅಣೆಕಟ್ಟಿನ ಬಗ್ಗೆ ಒಂದು ಪ್ರಶ್ನೆ ಬಂತು. ಅಪ್ಪನ ಜೊತೆ ಯಾರ್ಯಾರು ಕಲ್ಲು ಹೊತ್ತರು, ಯಾರ ಕಾಲು ಮುರಿಯಿತು, ಮೊದಲ ದಿನ ಕಾಲುವೆಗೆ ನೀರು ಬಿಟ್ಟಾಗ ಯಾರು ಕುಣಿದರು ಎಂದೆಲ್ಲ ಆಕೆ ಎರಡು ಪುಟ ಬರೆದರೆ, ಗುರುಗಳು ಸೊನ್ನೆ ಕೊಟ್ಟು ಕೆಂಪು ಮಸಿಯಲ್ಲಿ 'ಪುಸ್ತಕದಲ್ಲಿಲ್ಲ' ಎಂದು ಬರೆದರಂತೆ. ಆ ಉತ್ತರಪತ್ರಿಕೆ ಇವತ್ತಿಗೂ ಟೀಚರ್ ಬಳಿ ಇದೆ. ಪ್ರತಿವರ್ಷ ಜೂನಿನಲ್ಲಿ ಹೊಸ ತರಗತಿಗೆ ಮೊದಲು ತೋರಿಸುವುದು ಅದನ್ನೇ. "ನೋಡ್ರಿ, ನಿಮ್ಮ ಟೀಚರಗ ಸೊನ್ನಿ ಬಿದ್ದೈತಿ. ಈಗ ಹೇಳ್ರಿ, ಪುಸ್ತಕದಾಗ ಇಲ್ಲದ್ದು ನಿಮ್ಮ ಮನ್ಯಾಗ ಏನೈತಿ?" ಎನ್ನುವುದು ಅವರ ಮೊದಲ ಪಾಠ.

1997ರಲ್ಲಿ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಗೆ ಅವರ ಮೊದಲ ನೇಮಕ ಆಯಿತು. ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಕಂಪ್ಯೂಟರು ಎಂಬ ಮಾತನ್ನು ಅಲ್ಲಿ ಯಾರೂ ಬಾಯಲ್ಲಿ ಹಾಕಿಕೊಂಡಿರಲಿಲ್ಲ. ಟೀಚರ್ ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಬಟ್ಟೆ ಒಣಹಾಕುವ ತಂತಿ ಬಿಗಿಸಿ, ಡ್ರಾಯಿಂಗ್ ಹಾಳೆಗಳನ್ನು ಕ್ಲಿಪ್ಪಿನಿಂದ ತೂಗಿಬಿಟ್ಟರು. ಒಬ್ಬೊಬ್ಬರೂ ತಮ್ಮ ಹಾಳೆಯನ್ನು ನಡುವಿಗೆ ಎಳೆದು ತರಬೇಕು, ಹೇಳಬೇಕು, ಆಚೆಗೆ ತಳ್ಳಬೇಕು. ಮೊದಲ ಹಾಳೆ ಕೊಪ್ಪಳದ ಗುಡ್ಡದ ಮೇಲಿನ ಅಶೋಕನ ಶಾಸನ; ಕೊನೆಯದು ಅದೇ ಆಗಸ್ಟಿನಲ್ಲಿ ಹುಟ್ಟಿದ ಜಿಲ್ಲೆಯ ನಕಾಶೆ. ಊರವರು ಅದಕ್ಕೆ 'ತಂತಿ ಸಿನಿಮಾ' ಎಂದು ಹೆಸರಿಟ್ಟು, ಎತ್ತುಗಳನ್ನು ಕಟ್ಟಿಬಂದು ನೋಡಿದರು.

2004ರಲ್ಲಿ ಗಂಗಾವತಿಗೆ ವರ್ಗವಾದಾಗ ಅಲ್ಲಿ ಒಂದು ಹಳೆಯ ಪ್ರೊಜೆಕ್ಟರು ಸಿಕ್ಕಿತು, ಹಾಕಲು ಪಾರದರ್ಶಕ ಹಾಳೆಗಳಿಲ್ಲ. ಟೀಚರ್ ಆಸ್ಪತ್ರೆಯಲ್ಲಿ ಬಿಸಾಡುವ ಎಕ್ಸ್-ರೇ ಹಾಳೆಗಳನ್ನು ತಂದು, ಬಿಸಿನೀರು, ಸೋಡಾಪುಡಿ ಹಾಕಿ ಮಕ್ಕಳಿಂದ ತಿಕ್ಕಿಸಿ ತಿಳಿ ಮಾಡಿಸಿ, ಅವುಗಳ ಮೇಲೆ ಚರಿತ್ರೆ ಬರೆಸಿದರು. ಒಂದು ಹಾಳೆಯಲ್ಲಿ ಯಾರದೋ ಪಕ್ಕೆಲುಬು ಪೂರ್ತಿ ಹೋಗದೆ ಪುಲಿಕೇಶಿಯ ಹಿಂದೆ ನಿಂತುಬಿಟ್ಟಿತ್ತಂತೆ. ಕಾಲುವೆ ಕಡೆಯ ವಲಸೆ ರೈತರ ಕ್ಯಾಂಪುಗಳಿಂದ ಬರುತ್ತಿದ್ದ ತೆಲುಗು ಮನೆಮಾತಿನ ಮಕ್ಕಳು ನಾಚಿಕೊಂಡು ಹಿಂದೆ ಸರಿದರೆ, "ನೀವು ತೆಲುಗಿನಾಗ ಹೇಳ್ರಿ, ಹಿಂದಿಂದ ನಾ ಕನ್ನಡದಾಗ ಹೇಳ್ತೀನಿ" ಎಂದು ತಾವೇ ದುಭಾಷಿಯಾಗಿ ಪಕ್ಕಕ್ಕೆ ನಿಂತರು. ಯಾರನ್ನೂ ಬಿಡದ ಹಟ ಅವರಿಗೆ ಆಗಲೇ ಅಂಟಿತ್ತು.

ಆ ಹಟ ಎಷ್ಟು ದೊಡ್ಡದೆಂದು ಲೋಕಕ್ಕೆ ತಿಳಿದದ್ದು ಕರೇಬಂಡಿಯಲ್ಲಿ. 2010ರಲ್ಲಿ ಟೀಚರ್ ಅಲ್ಲಿಗೆ ಬಂದಾಗ ಶಾಲೆಗೆ ಐದು ಕಂಪ್ಯೂಟರು ಬಂದು ವರ್ಷವಾಗಿತ್ತು. ಕೋಣೆಯ ಕೀಲಿ ಮಾತ್ರ ಮುಖ್ಯೋಪಾಧ್ಯಾಯರಾದ ಕಳಕಪ್ಪ ಸರ್ ಬಳಿ. ಅವರು ಅದನ್ನು ಉಡದಾರಕ್ಕೆ ಕಟ್ಟಿಕೊಂಡು ಮಲಗುತ್ತಾರೆಂದು ಹುಡುಗರು ಆಡಿಕೊಳ್ಳುತ್ತಿದ್ದರು. ಕೆಟ್ಟವರಲ್ಲ, ಪಾಪ, ಕಂಪ್ಯೂಟರಿಗೆ ಧೂಳು ತಾಗಿದರೆ ಮೇಲಿನವರು ತಮ್ಮನ್ನು ಕೇಳುತ್ತಾರೆಂಬ ಅಂಜಿಕೆ. ಟೀಚರ್ ಎರಡು ವರ್ಷ ಅವರ ಬೆನ್ನು ಬಿಡಲಿಲ್ಲ. 2012ರ ಜೂನಿನಲ್ಲಿ ಕಳಕಪ್ಪ ಸರ್ ಕೀಲಿ ಬಿಚ್ಚಿ ಕೊಡುತ್ತಾ, "ತಗೋರಿ ಮೇಡಂ, ಏನಾರ ಹೆಚ್ಚುಕಡಿಮಿ ಆದ್ರ ನಿಮ್ಮ ಹೆಸರು ಹೇಳಾವ ನಾ" ಎಂದರು. "ಧಾರಾಳ ಹೇಳ್ರಿ ಸರ್" ಎಂದರು ಟೀಚರ್.

ಒಂಬತ್ತನೇ ತರಗತಿಯಲ್ಲಿ ಮೂವತ್ತೆಂಟು ಮಕ್ಕಳು, ಆದ್ದರಿಂದ ಮೂವತ್ತೆಂಟು ಸ್ಲೈಡು. ಒಬ್ಬರಿಗೆ ಒಂದೇ, ಒಬ್ಬರೂ ಬಿಡುವಂತಿಲ್ಲ. ಜೊತೆಗೆ 'ಕೈ ಹಿಡಿಯುವ ನಿಯಮ' ಎಂಬುದೊಂದಿತ್ತು: ಪ್ರತಿ ಸ್ಲೈಡೂ ಒಂದು ಪ್ರಶ್ನೆಯಲ್ಲಿ ಮುಗಿಯಬೇಕು, ಮುಂದಿನ ಸ್ಲೈಡು ಅದಕ್ಕೆ ಉತ್ತರವಾಗಬೇಕು. ನಡುವೆ ಒಬ್ಬರು ಕೈ ಬಿಟ್ಟರೆ ಇಡೀ ಸಾಲು ಅಲ್ಲೇ ನಿಂತುಬಿಡುತ್ತದೆ. ಟೀಚರ್ ಮಕ್ಕಳ ಬರವಣಿಗೆಯಲ್ಲಿ ಕಾಗುಣಿತವನ್ನಷ್ಟೇ ತಿದ್ದುತ್ತಿದ್ದರು, ಮಾತನ್ನು ಮುಟ್ಟುತ್ತಿರಲಿಲ್ಲ. ಮೊದಲು ಊರಲ್ಲಿ ರಾಜ್ಯೋತ್ಸವದ ದಿನ ತೋರಿಸುವುದು, ಡಿಸೆಂಬರಿನಲ್ಲಿ ಕೊಪ್ಪಳದ ಜಿಲ್ಲಾ ಪ್ರದರ್ಶನಕ್ಕೆ ಹೋಗುವುದು, ಅಲ್ಲಿ ಗೆದ್ದರೆ ಫೆಬ್ರವರಿಯಲ್ಲಿ ರಾಜ್ಯಮಟ್ಟಕ್ಕೆ ಬೆಂಗಳೂರಿಗೆ, ಹೀಗಿತ್ತು ಏರ್ಪಾಡು.

ಅನುಷಾಗೆ ಇವೆಲ್ಲ ಹಗಲುಗನಸು. ಆಕೆಯ ತಾಯಿ ಪಕೀರಮ್ಮ ಪ್ರತಿವರ್ಷ ಆಗಸ್ಟಿಗೊಮ್ಮೆ, ಜನವರಿಗೊಮ್ಮೆ ಕಾರಟಗಿ ಕಡೆಗೆ ಭತ್ತದ ನಾಟಿಗೆ ಹೋಗುವ ಹೆಣ್ಣಾಳುಗಳ ಗುಂಪಿನ ಮುಂದಾಳು. ಸಾಲು ಹಿಡಿದು ನಾಟಿ ಹಾಕುವುದರಲ್ಲಿ ಆಕೆಯನ್ನು ಮೀರಿಸುವವರು ಹತ್ತು ಊರಲ್ಲಿ ಇರಲಿಲ್ಲ. ಮಗಳಿಗೆ ಹದಿನಾಲ್ಕು ತುಂಬಿತು, ಇನ್ನು ಶಾಲೆ ಸಾಕು, ಈ ಆಗಸ್ಟಿನಿಂದ ಗುಂಪಿಗೆ ಸೇರಲಿ ಎಂದು ಮನೆಯಲ್ಲಿ ಮಾತಾಗಿಹೋಗಿತ್ತು. ಅನುಷಾ ಎರಡು ದಿನ ಶಾಲೆಗೆ ಬರದಿದ್ದಾಗ ಮೂರನೆಯ ದಿನ ಟೀಚರ್ ಮನೆ ಬಾಗಿಲಲ್ಲಿದ್ದರು.

ಬುದ್ಧಿ ಹೇಳಲಿಲ್ಲ, ಕಾನೂನು ಹೇಳಲಿಲ್ಲ. ಜೋಳ ಹಸನು ಮಾಡುತ್ತಿದ್ದ ಪಕೀರಮ್ಮನ ಎದುರು ಕುಳಿತು, ತಾವೂ ಒಂದು ಮೊರ ಎಳೆದುಕೊಂಡು, ನಾಟಿಯ ಮಾತು ತೆಗೆದರು.

"ಪಕೀರಮ್ಮ, ನಾಟಿ ಹಚ್ಚೋ ಮುಂದ ಸಾಲಿನ ನಡುವ ಒಬ್ಬಾಕಿ ಎದ್ದು ಹೋದ್ರ ಏನಾಗ್ತೈತಿ?"

"ಸಾಲ ಕೆಡ್ತೈತ್ರಿ ಅಕ್ಕೋರ. ಹಿಂದ ಮುಂದ ಇದ್ದಾಕಿಗೆ ಹೊಂದಾಕ ಬರೂದುಲ್ಲ."

"ನಿನ್ನ ಮಗಳದು ಹದಿನಾಕನೇ ಸ್ಲೈಡು. ಆಕಿ ಎದ್ದು ಹೋದ್ರ ನನ್ನ ಸಾಲ ಕೆಡ್ತೈತಿ ನೋಡವಾ."

ಪಕೀರಮ್ಮ ಜೋಳದಲ್ಲಿದ್ದ ಹರಳು ಆರಿಸಿ ಆಚೆ ಒಗೆದಳು. ಕೆಲಸದ ಮಾತು ಆಕೆಗೆ ಅರ್ಥವಾಗುವಂಥದು. ಕೊನೆಗೆ, "ನಿಮ್ಮ ಆಟ ಮುಗಿಯೂತನಾ ಬಿಡ್ತೀನ್ರಿ. ಮುಗಿದ ಮರುದಿನ ಕರಕೊಂಡು ಹೋಗಾಕಿ ನಾ, ಆವಾಗ ಅಡ್ಡ ಬರಬಾರ್ದು" ಎಂದಳು. ಟೀಚರ್ ಒಪ್ಪಿದರು. ಅಂದರೆ ಊರಿನ ಆಟ ಮುಗಿದರೂ ಕೊಪ್ಪಳದ ಆಟವಿದೆ, ಡಿಸೆಂಬರು. ಅಲ್ಲಿ ಗೆದ್ದರೆ ಫೆಬ್ರವರಿ, ಅದರ ಬೆನ್ನಿಗೆ ಪರೀಕ್ಷೆ. ಸೋತರೆ ಜನವರಿಯ ನಾಟಿ. ಅನುಷಾ ಓದುವುದೋ ಬಿಡುವುದೋ ಎಂಬುದು ಆ ಸ್ಲೈಡುಗಳ ಸಾಲಿಗೆ ಗಂಟುಬಿದ್ದದ್ದು ಹೀಗೆ, ಆ ಮೊರದ ಮುಂದೆ.

ಇನ್ನು ಸ್ಲೈಡಿಗೆ ಮನೆಯಲ್ಲಿ ಏನಾದರೂ ಇರಬೇಕಲ್ಲ. ಅನುಷಾ ಟ್ರಂಕು ತಡಕಾಡಿದಾಗ ತಳದಲ್ಲಿ ಒಂದು ಅಚ್ಚಿನ ಕಾಗದ ಸಿಕ್ಕಿತು. ಅದರ ತುಂಬಾ ಉರ್ದು, ಮೇಲೊಂದು ಮೊಹರು. ಈ ಕಡೆ ನಿಜಾಮರ ಸರ್ಕಾರವಿದ್ದ ಕಾಲದ್ದು ಎಂದು ಯಾರಾದರೂ ನೋಡಿದರೆ ಹೇಳಬಹುದಿತ್ತು, ಆದರೆ ನೋಡುವವರು ಯಾರು? ಕರೇಬಂಡಿಯಲ್ಲಿ ಉರ್ದು ಓದಬಲ್ಲವರು ಜುಬೇದಾಬೀ ಒಬ್ಬರೇ, ಆಗಿನ ಕಾಲದ ಹೆಣ್ಣುಮಕ್ಕಳ ಮದರಸೆಯಲ್ಲಿ ನಾಲ್ಕನೆಯ ತನಕ ಓದಿದ ಮುದುಕಿ. ಆಕೆ ಕನ್ನಡಕ ಏರಿಸಿ, ಕಾಗದವನ್ನು ಬಿಸಿಲಿಗೆ ಹಿಡಿದು ಓದಿದರು. "ವೆಂಕೋಬ ಅಂಬಾಂವಗ ಊರ ಮಂದಿ ಸಲುವಾಗಿ ಸೀನೀರ ಬಾವಿ ತೋಡಾಕ ಇಜಾಜತ್ ಕೊಟ್ಟಾರ. ಸನ್ ತೇರಾಸೌ ಬಾವನ್." ವೆಂಕೋಬ ಎಂದರೆ ಅನುಷಾಳ ಮನೆತನದ ಹಿರಿಯ ಎಂದಷ್ಟೇ ಮನೆಯಲ್ಲಿ ಗೊತ್ತಿತ್ತು. ತೇರಾಸೌ ಬಾವನ್ ಎಂದರೆ ಸಾವಿರದ ಮುನ್ನೂರ ಐವತ್ತೆರಡು. ಅನುಷಾ ಅಂಗೈ ಮೇಲೆ ಬರೆದುಕೊಂಡು ಶಾಲೆಗೆ ಓಡಿದಳು.

ಸ್ಲೈಡುಗಳು ಇಸವಿಯ ಪ್ರಕಾರ ನಿಲ್ಲಬೇಕು. 1336, ವಿಜಯನಗರ. 1347, ಬಹಮನಿ ರಾಜ್ಯ. ಇದು ಹದಿಮೂರನೆಯದು, ಗಾಳೇಶನದು. ಅವನ ಸ್ಲೈಡು ಮುಗಿಯುತ್ತಿದ್ದದ್ದು ಈ ಪ್ರಶ್ನೆಯಲ್ಲಿ: 'ರಾಜರು ಯುದ್ಧ ಮಾಡುವಾಗ ಉಳಿದವರು ಏನು ಮಾಡುತ್ತಿದ್ದರು?' ಅದರ ಮುಂದೆ 1352, ಅನುಷಾಳ ಸ್ಲೈಡು, ಮೇಲೆ ಆ ಕಾಗದದ ಫೋಟೋ: 'ಬಾವಿ ತೋಡುತ್ತಿದ್ದರು. ಕರೇಬಂಡಿಯ ವೆಂಕೋಬ ಊರ ಜನರಿಗಾಗಿ ಸಿಹಿನೀರಿನ ಬಾವಿ ತೋಡಿದನು.' ಅದನ್ನು ಓದಿ ಟೀಚರ್ ಕಣ್ಣಲ್ಲಿ ನೀರು ತುಂಬಿತು. ಇಡೀ ತರಗತಿ ಚಪ್ಪಾಳೆ ಹೊಡೆಯಿತು. ಉತ್ತರ ಎಷ್ಟು ಚೆಂದ ಕೂತಿತ್ತೆಂದರೆ ಅದು ತಪ್ಪಿದ್ದೀತೆಂದು ಎಂ.ಎ. ಓದಿದ ಟೀಚರಿಗೂ ಹೊಳೆಯಲಿಲ್ಲ. ರಾಜ್ಯೋತ್ಸವದ ದಿನ ಊರವರು ಆ ಸ್ಲೈಡನ್ನು ಎರಡು ಸಲ ಹಾಕಿಸಿ ನೋಡಿದರು, ಪಕೀರಮ್ಮನೂ ಸೆರಗು ಬಾಯಿಗಿಟ್ಟು ನೋಡಿದಳು.

ಡಿಸೆಂಬರಿನಲ್ಲಿ ಕೊಪ್ಪಳ. ಊರಿನ ಟ್ರ್ಯಾಕ್ಸ್ ಜೀಪಿನ ಎರಡು ಸುತ್ತಿನಲ್ಲಿ ಒಬ್ಬರ ಮೇಲೊಬ್ಬರು ಕೂತು ಮೂವತ್ತೆಂಟು ಮಕ್ಕಳು ಬಂದಿಳಿದರು. ಹುಡುಗಿಯರನ್ನು ನೋಡಿಕೊಳ್ಳಲು ಪಕೀರಮ್ಮನೂ ಬಂದಿದ್ದಳು. ಮಕ್ಕಳು ವೇದಿಕೆಯ ಮೇಲೆ ಕಾಲದ ಪ್ರಕಾರ ಸಾಲಾಗಿ ನಿಂತು, ಒಬ್ಬೊಬ್ಬರೇ ಒಂದು ಹೆಜ್ಜೆ ಮುಂದೆ ಬಂದು ಹೇಳಿ ಹಿಂದೆ ಸರಿಯುವುದು ಪದ್ಧತಿ. ಹದಿಮೂರರ ತನಕ ಸಭೆ ಉಸಿರು ಬಿಗಿಹಿಡಿದಿತ್ತು. ಅನುಷಾ ಹದಿನಾಲ್ಕನೆಯದನ್ನು ಹೇಳಿ ಮುಗಿಸುತ್ತಲೇ, ಹೊರ ಜಿಲ್ಲೆಯಿಂದ ಬಂದಿದ್ದ ತೀರ್ಪುಗಾರರು, ನಿವೃತ್ತ ಉಪನ್ಯಾಸಕರು, ಕೈ ಎತ್ತಿದರು. "ಆ ಕಾಗದ ಯಂತ್ರದಲ್ಲಿ ಅಚ್ಚಾಗಿದೆಯಲ್ಲಮ್ಮ. 1352ರಲ್ಲಿ ಯಾವ ಊರಲ್ಲಿತ್ತು ಅಚ್ಚಿನ ಯಂತ್ರ?" ಸಭೆ ಗೊಳ್ಳೆಂದು ನಕ್ಕಿತು. ಅನುಷಾ ಹಿಂದೆ ಸರಿಯಬೇಕೆಂಬುದೂ ಮರೆತು ನಿಂತಲ್ಲೇ ನಿಂತಳು. ಗಾಳೇಶ ಹಿಂದಿನಿಂದ ಅವಳ ತೋಳು ಹಿಡಿದು ಎಳೆಯಬೇಕಾಯಿತು.

ಊಟದ ಹೊತ್ತಿಗೆ ತೀರ್ಪುಗಾರರು ಟೀಚರನ್ನು ಕರೆದು, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: ಕೊನೆಯ ಸುತ್ತಿಗೆ ಮೂರು ಶಾಲೆ ಉಳಿದಿವೆ, ಮೂರು ಗಂಟೆಗೆ ಮತ್ತೊಮ್ಮೆ ತೋರಿಸಬೇಕು, ಆ ಒಂದು ಸ್ಲೈಡು ತೆಗೆದು ಬನ್ನಿ, ಉಳಿದವುಗಳಿಗೆ ಸಾಟಿಯಿಲ್ಲ. ಕಳಕಪ್ಪ ಸರ್ ಅನ್ನದ ತಟ್ಟೆ ಹಿಡಿದುಕೊಂಡೇ ಓಡಿಬಂದರು. "ಒಂದ ಸ್ಲೈಡು ಮೇಡಂ, ಒಂದ! ತಗದ ಒಗೀರಿ. ಮೂವತ್ತೇಳು ಹುಡುಗರು ಬೆಂಗಳೂರು ನೋಡ್ತಾವು." ಪಕೀರಮ್ಮ ದೂರದಿಂದ ಎಲ್ಲವನ್ನೂ ಕೇಳಿಸಿಕೊಂಡು ಮಗಳ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡಳು. ತೆಗೆದರೆ ಶಾಲೆ ಗೆಲ್ಲುತ್ತದೆ, ಅನುಷಾಳ ಓದು ಅಲ್ಲಿಗೆ ಮುಗಿಯುತ್ತದೆ; ತೆಗೆಯದಿದ್ದರೆ ಎಲ್ಲರೂ ಸೋಲುತ್ತಾರೆ, ಓದು ಆಗಲೂ ಮುಗಿಯುತ್ತದೆ. ಅನುಷಾಗೆ ಇದೆಲ್ಲ ಗೊತ್ತಿತ್ತು. "ತಗದುಬಿಡ್ರಿ ಟೀಚರ್" ಎಂದು ಅವಳೇ ಹೇಳಿದಳು.

ಟೀಚರ್ ಸಿಟ್ಟಾದದ್ದನ್ನು ಅನುಷಾ ನೋಡಿದ್ದು ಜೀವನದಲ್ಲಿ ಅದೊಂದೇ ಸಲ. "ಬಾಯಿ ಮುಚ್ಚು. ಕಾಗದ ಸುಳ್ಳು ಹೇಳೈತೇನು? ಜುಬೇದಾಬೀ ಸುಳ್ಳು ಹೇಳ್ಯಾರೇನು? ಯಾರೂ ಸುಳ್ಳು ಹೇಳಿಲ್ಲ ಅಂದ ಮ್ಯಾಲೆ ತಪ್ಪು ಎಲ್ಲೋ ನಡುವ ಕುಂತೈತಿ, ಹುಡುಕೂಣು" ಎಂದು ಮೊಬೈಲು ತೆಗೆದು, ಕರೇಬಂಡಿಯ ಕಿರಾಣಿ ಅಂಗಡಿಗೆ ಹಚ್ಚಿ, ಜುಬೇದಾಬೀಯನ್ನು ಕರೆಸಿದರು. ಮುದುಕಿಯ ದನಿ ನಾಲ್ಕು ಜನಕ್ಕೆ ಕೇಳುವಷ್ಟು ದೊಡ್ಡದು.

"ತೇರಾಸೌ ಬಾವನ್ ಫಸಲಿ ಅಲ್ಲೇನ್ರಿ ಟೀಚರಮ್ಮ! ನಿಜಾಮ ಸರಕಾರದ ಕಾಗದ ಮತ್ಯಾವ ಸನ್ ಬರೀತದ? ನಾನು ಹುಟ್ಟಿದ್ದು ತೇರಾಸೌ ಚವ್ವಾಲೀಸ, ಅದಕ್ಕಿಂತ ಎಂಟು ವರ್ಷ ಮೊದಲ. ನಿಮ್ಮ ಲೆಕ್ಕದಾಗ ನಂಗ ಆರುನೂರು ವರ್ಷ ಆತೇನು? ಯಾ ಅಲ್ಲಾ!"

ಟೀಚರ್ ಹಣೆ ಹಣೆ ಬಡಿದುಕೊಂಡು ನಕ್ಕರು. ನಗುತ್ತಾ ನಗುತ್ತಾ ಅತ್ತರು. ನಿಜಾಮರ ಕಂದಾಯದ ಕಾಗದಗಳೆಲ್ಲ ಫಸಲಿ ವರ್ಷದವು, ಅಂದರೆ ಬೆಳೆಯ ಲೆಕ್ಕದ ವರ್ಷ. ಅದಕ್ಕೆ ಐನೂರ ತೊಂಬತ್ತು ಕೂಡಿಸಿದರೆ ನಮ್ಮ ಇಸವಿ. 1352 ಎಂದರೆ 1942. ಹರಿಹರ ಬುಕ್ಕರ ಪಕ್ಕದಲ್ಲಿ ನಿಲ್ಲಿಸಿದ್ದ ವೆಂಕೋಬ ಅನುಷಾಳ ಅಜ್ಜನ ಅಪ್ಪನಾಗಿದ್ದ. ಹಳೆಯ ಜನಕ್ಕೆ ಹೇಳುವ ಅಗತ್ಯವೇ ಇಲ್ಲದಷ್ಟು ಗೊತ್ತಿದ್ದ ಮಾತು, ಹೊಸ ಜನಕ್ಕೆ ಕೇಳಬೇಕೆಂದೂ ಹೊಳೆಯದಷ್ಟು ಮರೆತುಹೋಗಿತ್ತು. ನಮ್ಮ ಸೀಮೆಯ ಮಕ್ಕಳು ಮಾತ್ರ ಮಾಡಬಲ್ಲ ತಪ್ಪು ಅದು, ಮೈಸೂರು ಕಡೆಯ ಮಗು ಬೇಕೆಂದರೂ ಮಾಡಲಾರದು.

ಗಂಟೆ ಒಂದೂ ಮುಕ್ಕಾಲು. ಅನುಷಾಳ ಸ್ಲೈಡು 1942ಕ್ಕೆ ಹೋಗಬೇಕು, ಅಂದರೆ ಏಕೀಕರಣದ ಬೇಡಿಕೆ ಎದ್ದ 1924ರ ಸ್ಲೈಡು ಮತ್ತು ತುಂಗಭದ್ರೆಯ ಅಣೆಕಟ್ಟಿಗೆ ಅಡಿಗಲ್ಲಿಟ್ಟ 1945ರ ಸ್ಲೈಡುಗಳ ನಡುವೆ, ಮೂವತ್ತಮೂರನೆಯ ಜಾಗಕ್ಕೆ. ಪ್ರಶ್ನೆಗಳನ್ನು ಮತ್ತೆ ಹೊಂದಿಸಬೇಕು. ಒಬ್ಬರೂ ಊಟಕ್ಕೆ ಕೂರಲಿಲ್ಲ. ಮೊಸರನ್ನ ಕೈಯಲ್ಲಿ ಕಲಸಿಕೊಂಡೇ ಮಾತಾಡಿದರು, ಜಗಳಾಡಿದರು, ಒಂದೇ ಕಂಪ್ಯೂಟರಿನ ಮೇಲೆ ಹತ್ತು ತಲೆ ಬಗ್ಗಿದವು. ಹಿಂದಿನ ಸ್ಲೈಡಿನ ಪ್ರಶ್ನೆ 'ಆಗ ನಮ್ಮ ಊರಿಗೆ ಕುಡಿಯುವ ನೀರು ಎಲ್ಲಿಂದ?' ಎಂದಾಯಿತು. ಅನುಷಾಳದು 'ಒಂದು ಬಾವಿ ಸಾಲದ ನಾಡಿಗೆ ನೀರು ಎಲ್ಲಿಂದ?' ಎಂದಾಯಿತು, ಉತ್ತರ ಅಣೆಕಟ್ಟು. ಎಲ್ಲ ಕೂಡಿತು, ಒಂದು ಮಾತ್ರ ಉಳಿಯಿತು. ಗಾಳೇಶ ಕಣ್ಣು ಒರೆಸಿಕೊಳ್ಳುತ್ತಾ ಕೇಳಿದ: "ಟೀಚರ್, ನನ್ನ ಪ್ರಶ್ನೆಗೆ ಉತ್ತರ ಯಾರ ಹೇಳ್ತಾರ್ರಿ? ಹದಿನಾಕು ಖಾಲಿ ಆತಲ್ರಿ."

"ಹದಿನಾಕು ನಂದು" ಎಂದರು ಟೀಚರ್.

ಮೂರು ಗಂಟೆಗೆ ಮತ್ತೆ ಸಾಲು ನಿಂತಿತು. ಹದಿಮೂರು ಮಕ್ಕಳಾದ ಮೇಲೆ ಹದಿನಾಲ್ಕನೆಯ ಜಾಗದಿಂದ ನಲವತ್ತೇಳು ವರ್ಷದ ಹೆಂಗಸೊಬ್ಬರು, ಇಸ್ತ್ರಿ ಕೆಟ್ಟ ಸೀರೆಯಲ್ಲಿ, ಬೆರಳಿಗಂಟಿದ ಮೊಸರನ್ನ ಇನ್ನೂ ಒಣಗಿರದೆ, ಒಂದು ಹೆಜ್ಜೆ ಮುಂದೆ ಬಂದರು. ಹಿಂದೆ ಪರದೆಯ ಮೇಲೆ ನಾಲ್ಕೇ ಸಾಲು: 'ರಾಜರು ಯುದ್ಧ ಮಾಡುವಾಗ ಉಳಿದವರು ಏನು ಮಾಡುತ್ತಿದ್ದರೆಂದು ಕರೇಬಂಡಿ ಶಾಲೆಗೆ ಇನ್ನೂ ಗೊತ್ತಾಗಿಲ್ಲ. ಗೊತ್ತಾಯಿತೆಂದು ಬೆಳಿಗ್ಗೆ ಹೇಳಿದ್ದು ತಪ್ಪು. ತಪ್ಪು ಮಾಡಿದವರು ಪಂಪಾವತಿ, ಸಹಶಿಕ್ಷಕಿ. ಮಗುವಿನ ಕಾಗುಣಿತ ತಿದ್ದಿದರು, ಕಾಲ ತಿದ್ದಲಿಲ್ಲ.' ಅದನ್ನು ಗಟ್ಟಿಯಾಗಿ ಓದಿ, ಪಕ್ಕದಲ್ಲೇ ನಿಂತಿದ್ದ ಅನುಷಾ ಕಡೆ ತಿರುಗಿ, "ಹೋಗವಾ, ನಿನ್ನ ಜಾಗಕ್ಕ ಹೋಗು" ಎಂದರು.

ಅನುಷಾ ಹೊರಟಳು. ವೇದಿಕೆಯ ಈ ಬದಿಯಿಂದ ಆ ಬದಿಗೆ, ಸಭೆಯ ಎದುರೇ, ವಿಜಯನಗರದ ವೈಭವದ ಮುಂದೆ, ರಕ್ಕಸತಂಗಡಿಯ ಮುಂದೆ, ಒಬ್ಬೊಬ್ಬ ಗೆಳೆಯ ಗೆಳತಿಯ ಮುಂದೆ ಹಾದು ನಡೆದಳು. ಐನೂರ ತೊಂಬತ್ತು ವರ್ಷ ನಡೆಯಲು ಹತ್ತೊಂಬತ್ತು ಹೆಜ್ಜೆ ಬೇಕಾದವು. ಸಭೆಯಲ್ಲಿ ಯಾರೂ ನಗಲಿಲ್ಲ. ಮೂವತ್ತಮೂರನೆಯ ಜಾಗದಲ್ಲಿ ನಿಂತು, ಸರದಿ ಬಂದಾಗ ಅವಳು ಫಸಲಿ ಎಂದರೇನೆಂದು ಹೇಳಿದಳು, ವೆಂಕೋಬನ ಬಾವಿಯ ಕಥೆ ಹೇಳಿದಳು. ಆಮೇಲೆ ಯಾರೂ ಹೇಳಿಕೊಡದ ಒಂದು ಮಾತು ಅವಳ ಬಾಯಿಂದ ತಾನಾಗಿ ಬಂತು: "ನಿಮ್ಮ ನಿಮ್ಮ ಮನ್ಯಾಗ ಹದಿಮೂರನೂರರ ಕಾಗದ ಎಷ್ಟು ಮಂದಿ ಹತ್ರ ಅದಾವ್ರಿ? ಕೈ ಎತ್ರಿ."

ಮೊದಲು ಬಾಗಿಲ ಹತ್ತಿರ ನಿಂತಿದ್ದ ಟ್ರ್ಯಾಕ್ಸಿನ ಚಾಲಕ ದಾದೇಸಾಬ ಕೈ ಎತ್ತಿದ. ಆಮೇಲೆ ಅಡುಗೆಯವರು. ಆಮೇಲೆ ಬೇರೆ ಶಾಲೆಗಳ ಶಿಕ್ಷಕರು, ಗಂಗಾವತಿಯವರು, ಕುಷ್ಟಗಿಯವರು. ನೋಡನೋಡುತ್ತ ಸಭೆಯ ಅರ್ಧ ಕೈಗಳು ಮೇಲಿದ್ದವು, ಕಳಕಪ್ಪ ಸರ್ ಎರಡೂ ಕೈ ಎತ್ತಿದ್ದರು. ತೀರ್ಪುಗಾರರು ಎದ್ದು ನಿಂತು ಸಭೆಯನ್ನೊಮ್ಮೆ ತಿರುಗಿ ನೋಡಿ, "ಬೆಳಿಗ್ಗೆ ಪ್ರಶ್ನೆ ಕೇಳಿದ್ದು ನಾನು, ಉತ್ತರ ಕಲಿತದ್ದೂ ನಾನು" ಎಂದು ಹೇಳಿ ಚಪ್ಪಾಳೆ ತಟ್ಟಿದರು. ಸಭೆಗೆ ಸಭೆಯೇ ಎದ್ದಿತು. ಅಹಾ, ಆ ಸದ್ದು ಇವತ್ತಿಗೂ ಅನುಷಾಳ ಕಿವಿಯಲ್ಲಿದೆ!

ಜಿಲ್ಲೆಗೆ ಮೊದಲ ಸ್ಥಾನ ಕರೇಬಂಡಿಗೆ ಬಂತು. ಪಕೀರಮ್ಮ ಚೀಲವನ್ನು ಹೆಗಲಿಂದ ಇಳಿಸಿ ಟೀಚರ್ ಬಳಿ ಬಂದಳು. "ಫೆಬ್ರವರಿತನಾ ಅಂದ್ರ ಬೆನ್ನಿಗೇ ಪರೀಕ್ಷಿ ಬರ್ತೈತಲ್ರಿ ಅಕ್ಕೋರ. ನನಗ ಗೊತ್ತಾಗೂದುಲ್ಲ ಅಂದ್ಕೊಂಡಿದ್ರೇನು?" ಎಂದು ಗದರಿಸಿ, ಆಮೇಲೆ ನಕ್ಕು, "ಇರ್ಲಿ ಬಿಡ್ರಿ, ಅಷ್ಟು ಮಂದಿ ಮುಂದ ನಡದಾಳ, ಈಗ ಕುಂದ್ರು ಅಂದ್ರ ಕುಂದರ್ತಾಳೇನು" ಎಂದಳು. ಜನವರಿಯಲ್ಲಿ ಆಕೆ ಮಗಳನ್ನು ಬಿಟ್ಟೇ ನಾಟಿಗೆ ಹೋದಳು, ಅದರಾಚೆಯ ಜನವರಿಯಲ್ಲೂ. ಬೆಂಗಳೂರಿನಲ್ಲಿ ಮಕ್ಕಳಿಗೆ ಮೂರನೆಯ ಸ್ಥಾನ ಸಿಕ್ಕಿತು. ಕಳಕಪ್ಪ ಸರ್ ಮಾತ್ರ ನಿವೃತ್ತರಾಗುವ ತನಕ ಎಲ್ಲರಿಗೂ ಮೊದಲನೆಯದೆಂದೇ ಹೇಳುತ್ತಿದ್ದರು.

2016ರಲ್ಲಿ ಟೀಚರ್ ಕೊಪ್ಪಳಕ್ಕೆ ವರ್ಗವಾಗಿ, ಒಂಬತ್ತು ವರ್ಷ ಅಲ್ಲೂ ಅದೇ ಸಾಲು ನಿಲ್ಲಿಸಿದರು. ಮಕ್ಕಳು ಈಗ ಮನೆಯಲ್ಲೇ ಮೊಬೈಲಿನಲ್ಲಿ ಸ್ಲೈಡು ಮಾಡಿ ಒಂದೇ ಕಡತಕ್ಕೆ ಸೇರಿಸುತ್ತಾರೆ, ತಂತಿಯೂ ಬೇಡ, ಎಕ್ಸ್-ರೇ ಹಾಳೆಯೂ ಬೇಡ. ಆದರೆ ಎರಡು ಪದ್ಧತಿ ಬದಲಾಗಿಲ್ಲ. ಒಬ್ಬರೂ ಬಿಡುವಂತಿಲ್ಲ ಎಂಬುದು ಒಂದು. ಹದಿನಾಲ್ಕನೆಯ ಸ್ಲೈಡು ಟೀಚರದೇ ಎಂಬುದು ಇನ್ನೊಂದು. ಆ ವರ್ಷ ತಾವು ಮಾಡಿದ ಒಂದು ತಪ್ಪನ್ನು ಹೆಸರು ಹಾಕಿ ಬರೆದು, ಮಕ್ಕಳ ಸಾಲಿನಲ್ಲಿ ನಿಂತು ಓದುತ್ತಾರೆ.

ಅನುಷಾ ಆಮೇಲೆ ಜುಬೇದಾಬೀ ಬಳಿ ಕೂತು ಉರ್ದು ಅಕ್ಷರ ಕಲಿತಳು, ಪದವಿ ಮುಗಿಸಿದಳು, ಪರೀಕ್ಷೆ ಬರೆದು ನೌಕರಿ ಹಿಡಿದಳು. ಕನಕಗಿರಿಯ ದಾಖಲೆ ಕೊಠಡಿಗೆ ದಿನವೂ ಯಾರಾದರೂ ಒಬ್ಬರು ಮಡಚಿ ಮಡಚಿ ಸವೆದ ಕಾಗದ ಹಿಡಿದು ಬರುತ್ತಾರೆ. "ಇದು ಯಾವ ಕಾಲದ್ದು ನೋಡವಾ ತಂಗಿ" ಎನ್ನುತ್ತಾರೆ. ಅನುಷಾ ಅದನ್ನು ಬೆಳಕಿಗೆ ಹಿಡಿದು, ಓದಿ, ಐನೂರ ತೊಂಬತ್ತು ಕೂಡಿಸಿ, ಅವರ ಅಜ್ಜನನ್ನು ಅವನ ಸರಿಯಾದ ಜಾಗದಲ್ಲಿ ನಿಲ್ಲಿಸಿ ಕಳಿಸುತ್ತಾಳೆ. ತಾಯಿ ಪಕೀರಮ್ಮ ಈಗ ಮಗಳ ಜೊತೆ ಕನಕಗಿರಿಯಲ್ಲೇ ಇದ್ದಾಳೆ, ಮಗಳ ರೊಟ್ಟಿ ಸರಿಯಾಗಿ ಉಬ್ಬುವುದಿಲ್ಲವೆಂದು ದಿನವೂ ಬೈಯುತ್ತಾಳೆ.

ಪಂಪಾವತಿ ಟೀಚರ್ ನೂರು ವರ್ಷ ಬಾಳಲಿ, ನಾಲ್ಕೂ ತಾಲ್ಲೂಕುಗಳ ಗಾಳಿ ನೀರು ಅವರ ಮೈಗೆ ಹಿತವಾಗಿರಲಿ, ಅವರ ಕಣ್ಣು ಇನ್ನೂ ಸಾವಿರ ಮಕ್ಕಳ ಕಾಗುಣಿತ ತಿದ್ದುವಷ್ಟು ಚುರುಕಾಗಿರಲಿ ಎಂದು ಹಾರೈಸುವುದು ಶಿಷ್ಯರ ಧರ್ಮ; ಆದರೆ ಅವರನ್ನು ಸುಮ್ಮನೆ ವಿಶ್ರಾಂತಿಗೆ ಬಿಡುವುದು ಧರ್ಮವಲ್ಲ. ಅದಕ್ಕೆಂದೇ ಈ ಸಂಪುಟದ ಸಂಪಾದಕರಾದ ಗಾಳೇಶ ಮತ್ತು ಗೆಳೆಯರು ಒಂದು ಏರ್ಪಾಡು ಮಾಡಿದ್ದಾರೆ. ಅನುಷಾಳ ಈ ಲೇಖನ ಹದಿಮೂರನೆಯದು. ಹದಿನಾಲ್ಕನೆಯ ಲೇಖನದ ಪುಟಗಳನ್ನು ಖಾಲಿ ಬಿಡಲಾಗಿದೆ, ಅವು ಟೀಚರದು. ನಿವೃತ್ತಿಯ ಮರುದಿನವೇ ಬರೆಯಲು ಕೂರಬೇಕೆಂದು ಅವರಲ್ಲಿ ವಿನಂತಿ. ಕೈ ಹಿಡಿಯುವ ನಿಯಮದಂತೆ ಹದಿಮೂರನೆಯದು ಒಂದು ಪ್ರಶ್ನೆಯಲ್ಲಿ ಮುಗಿಯಬೇಕು. ಆ ಪ್ರಶ್ನೆಗಾಗಿ ಮೊದಲ ನಿಯಮವನ್ನು ಒಂದೇ ಒಂದು ಸಲ ಮುರಿಯುತ್ತಿರುವುದಕ್ಕೆ ಕ್ಷಮೆ ಇರಲಿ.

ಟೀಚರ್, ಅವತ್ತು ಎಲ್ಲರೂ ಹೇಳಿದಂಗ ಆ ಒಂದು ಸ್ಲೈಡು ತಗದುಬಿಟ್ಟಿದ್ರ, ನಾನು ಈಗ ಎಲ್ಲಿರ್ತಿದ್ನಿರಿ?